ಕೆಸರಿನಲ್ಲಿ ಕೂರದ ಕೈಗೊಡಲಿ

ಒಂದಾನೊಂದು ಕಾಲದಲ್ಲಿ ಅಂದರೆ ರಾಜರಾಣಿಯರ ಕಾಲ ಅಲ್ಲ ಕೂಸೇ, ಅದಕ್ಕೂ ಬಹಳ ಹಿಂದೆ, ಊರಿಲ್ಲ, ಮನೆಯಿಲ್ಲ, ಕಬ್ಬಿಣ ಅನ್ನೋದು ಇನ್ನೂ ಮಣ್ಣೊಳಗೇ ಮಲಗಿದ್ದ ಕಾಲದಲ್ಲಿ, ಒಂದು ಹಳ್ಳದ ದಂಡೆಯಲ್ಲಿ ಒಂದು ಗುಂಪು ಜನ ಇದ್ದರಂತೆ. ಹಳ್ಳದ ತುಂಬ ಬೂದುಬಣ್ಣದ ಸುಣ್ಣಕಲ್ಲು. ಅದನ್ನು ಗುಂಡುಕಲ್ಲಿನಿಂದ ಹೊಡೆದು, ಚಕ್ಕೆ ಎಬ್ಬಿಸಿ, ಕೈಗೊಡಲಿ ಮಾಡುತ್ತಿದ್ದರಂತೆ. ಹಿಡಿಕೆಯಿಲ್ಲದ ಕೊಡಲಿ ಅದು, ಮುಷ್ಟಿಯಲ್ಲೇ ಹಿಡಿಯೋದು. ತುದಿ ಚೂಪು, ಬುಡ ಅಗಲ, ಬಾದಾಮಿ ಇರುತ್ತಲ್ಲ ಹಾಗೆ. ಬೇಟೆ ಸಿಗಿಯೋದೂ ಅದರಲ್ಲೇ, ಗೆಡ್ಡೆ ಅಗೆಯೋದೂ ಅದರಲ್ಲೇ.

ಆ ಗುಂಪಿಗೆ ಹಿರೇವ್ವ ಅಂತ ಒಬ್ಬಳು ಮುದುಕಿ ಯಜಮಾನಿ. ಬೇಸಿಗೆಗೆ ಹಳ್ಳ ಬತ್ತಿದಾಗ ಎಲ್ಲರೂ ದೊಡ್ಡ ಬಯಲು ದಾಟಿ ಹೊಳೆಗೆ ಹೋಗಬೇಕು. ಹೊರಡುವ ಮುಂಚೆ ಅವಳು ಎಲ್ಲರ ಕೊಡಲಿಯನ್ನೂ ಪರೀಕ್ಷೆ ಮಾಡುತ್ತಿದ್ದಳಂತೆ. ಕೊಡಲಿಯನ್ನು ಕೆಸರಿನ ಮೇಲಿಟ್ಟು ಒತ್ತೋದು, ಅಚ್ಚು ಬೀಳುತ್ತೆ. ಆಮೇಲೆ ಮಗುಚಿ ಅದೇ ಅಚ್ಚಿನಲ್ಲಿ ಇಡೋದು. ಎಡ ಬಲ ಎರಡೂ ಒಂದೇ ಸಮ ಇದ್ದರೆ ಕೂರುತ್ತೆ. ಕೂರಲಿಲ್ಲವೋ, ಕೊಡಲಿ ಮಡುವಿಗೆ, ಮಾಡಿದವರು ದಂಡೆಯಲ್ಲೇ. ಕೊಡಲಿ ಇಲ್ಲದವರನ್ನು ಬಯಲು ದಾಟಿಸುವ ಹಾಗಿಲ್ಲ. ಯಾಕೆ ಸಮ ಇರಬೇಕು ಅಂತ ಕೇಳಬೇಡ. ಅವರಲ್ಲೂ ಯಾರೂ ಕೇಳಿರಲಿಲ್ಲವಂತೆ.

ಅವರಲ್ಲಿ ಕಕ್ಕೆ ಅಂತ ಒಬ್ಬಳು ಹೆಂಗಸು. ಗಂಡನನ್ನು ಚಿರತೆ ಎಳೆದುಕೊಂಡು ಹೋಗಿತ್ತು, ಸೊಂಟದ ಮೇಲೆ ಹಾಲು ಕುಡಿಯುವ ಹೆಣ್ಣುಕೂಸು, ಹಳೇ ಕೊಡಲಿ ಮುರಿದಿತ್ತು. ದಂಡೆಯಲ್ಲಿ ಬಿಟ್ಟು ಹೋದರೆ ಕತ್ತೆಕಿರುಬಗಳು ಬರುತ್ತವೆ ಅಂತ ಅವಳಿಗೆ ಗೊತ್ತು. ಒಂದು ಸಲ ಹಾಗೆ ಬಿಟ್ಟು ಹೋದವನನ್ನು ಮರುವರ್ಷ ಬಂದು ನೋಡಿದ್ದರು. ನೋಡೋಕೆ ಹೆಚ್ಚೇನೂ ಉಳಿದಿರಲಿಲ್ಲ.

ಅವಳು ಮೊದಲನೇ ಕಲ್ಲು ತಗೊಂಡಳಂತೆ. ಚೆನ್ನಾಗೇ ಬರುತ್ತಿತ್ತು. ಕಲ್ಲಿನೊಳಗೆ ಬಿರುಕಿತ್ತು, ಕೊನೇ ಏಟಿಗೆ ಎರಡು ಹೋಳಾಯಿತು. ಆಮೇಲೆ ಎರಡನೇ ಕಲ್ಲು. ಎಡಗಡೆ ಸ್ವಲ್ಪ ಉಬ್ಬಿದೆ ಅಂತ ಎಡಕ್ಕೆ ಹೊಡೆದಳು, ಈಗ ಬಲ ಉಬ್ಬಿತು, ಬಲಕ್ಕೆ ಹೊಡೆದಳು, ಮತ್ತೆ ಎಡ, ಮತ್ತೆ ಬಲ, ಹೀಗೇ ಸಮ ಮಾಡ್ತಾ ಮಾಡ್ತಾ ಕೊಡಲಿ ಹೋಗಿ ಮಾವಿನ ಓಟೆಯಷ್ಟಾಯಿತಂತೆ. ಕೆಸರಿನಲ್ಲೇನೋ ಚೆನ್ನಾಗೇ ಕೂತಿತು. ಅದರಲ್ಲಿ ಒಂದು ಮೊಲವನ್ನೂ ಸಿಗಿಯೋಕಾಗಲ್ಲ, ಅಂಥದ್ದನ್ನು ಹಿರೇವ್ವ ಕೊಡಲಿ ಅಂತ ಲೆಕ್ಕಕ್ಕೇ ತಗೊಳ್ಳೋಳಲ್ಲ. ಬಾರಿ ಅಂತ ಅವಳ ನಾದಿನಿ ಒಬ್ಬಳು ಬಂದು ನೋಡಿ, ಎಷ್ಟು ಚೆಂದ ಇದೆ ಅತ್ತಿಗೆ, ಕೂಸಿಗೆ ಹಲ್ಲು ಬರುವಾಗ ಕಚ್ಚೋಕೆ ಕೊಡು ಅಂದಳಂತೆ.

ಆಮೇಲೆ ಮೂರನೇ ಕಲ್ಲು. ಹೊರಡುವ ದಿನ ಬಂದೇಬಿಟ್ಟಿತ್ತು. ಅವಸರಕ್ಕೆ ಏಟು ಎಲ್ಲೋ ಬೀಳುತ್ತಿತ್ತು. ತುದಿ ಬಂತು, ಎರಡು ಕಡೆಯ ಹರಿತ ಬಾಯಿಯೂ ಬಂದವು, ಬುಡದ ಒಂದು ಮೂಲೆ ಮಾತ್ರ ಹಾಗೇ ಉಳಿದಿತ್ತು, ಕಲ್ಲಿನ ಒರಟು ಸಿಪ್ಪೆಯ ಸಮೇತ, ದಪ್ಪಗೆ. ಅಷ್ಟರಲ್ಲಿ ಕೂಸು ಎದ್ದು ಅಳೋಕೆ ಶುರು ಮಾಡಿತು, ಹಿರೇವ್ವ ಕೂಗಿದಳು, ಕೆಲಸ ಅಲ್ಲಿಗೇ ನಿಂತಿತು. ಜಾಣತನ ಗೀಣತನ ಏನಿಲ್ಲ, ಕೂಸು ಎದ್ದಿತು ಅಷ್ಟೇ.

ಹಿರೇವ್ವ ಒತ್ತಿದಳು, ಮಗುಚಿದಳು. ಆ ಮೂಲೆ ಅಚ್ಚಿನಿಂದ ಹೊರಗೆ. ಇದು ಡೊಂಕು ಕಣೇ ಅಂದಳಂತೆ. ಕಕ್ಕೆ, ಇನ್ನೊಂದು ಚಕ್ಕೆ ತೆಗೀತೀನಿ ಹಿರೇವ್ವ, ಒಂದೇ ಒಂದು ಅಂತ ಬೇಡಿದಳಂತೆ. ಎಲ್ಲರೂ ಹಾಗೇ ಅನ್ನೋದು ಅಂತ ಹಿರೇವ್ವ ಅದನ್ನು ಎತ್ತಿಕೊಂಡು ಮಡುವಿನ ಕಡೆ ತಿರುಗಿದಳು.

ಆಗ ಮೇಲಿನ ಕೊರಕಲಿನಿಂದ ಯಾರೋ ಕೂಗಿದರಂತೆ, ಕಾಡುಕೋಣ ಬಿದ್ದು ಸತ್ತಿದೆ, ಬನ್ನಿ ಅಂತ. ಮಾಂಸ ಕಂಡು ಬಹಳ ದಿನವಾಗಿತ್ತು. ಎಲ್ಲರೂ ಓಡಿದರು, ಹಿರೇವ್ವನೂ ಕಕ್ಕೆಯ ಕೊಡಲಿ ಕೈಯಲ್ಲಿ ಹಿಡಿದೇ ಓಡಿದಳು. ಹೋಗಿ ನೋಡಿದರೆ ಎದುರು ದಿಬ್ಬದ ಮೇಲೆ ಕತ್ತೆಕಿರುಬಗಳು ಆಗಲೇ ಬಂದು ಕೂತಿದ್ದವು.

ಬಾರಿ ಮೊದಲು ಕೈ ಹಾಕಿದಳು. ಕೋಣದ ತೊಗಲು ಅಂದರೆ ಏನಂದುಕೊಂಡೆ, ಬಲವಾಗಿ ಒತ್ತಬೇಕು. ಅವಳ ಕೊಡಲಿಯೋ ಅಚ್ಚಿನಲ್ಲಿ ನೀಟಾಗಿ ಕೂರಲಿ ಅಂತ ಸುತ್ತಲೂ ಕೆತ್ತಿದ್ದು, ಬುಡವೂ ಹರಿತ. ಒತ್ತಿದ್ದೇ ತಡ ಅಂಗೈ ಸೀಳಿತು. ಕಿರುಬಗಳು ದಿಬ್ಬ ಇಳಿದವು. ಇನ್ನಿಬ್ಬರು ನುಗ್ಗಿದರು, ಅವರ ಕೈಯೂ ರಕ್ತ. ಕಿರುಬಗಳು ಇನ್ನೂ ಹತ್ತಿರ. ಹಿರೇವ್ವ ತನ್ನದನ್ನೇ ಒತ್ತಿದಳು, ಅವಳ ಅಂಗೈಯೂ ಸೀಳಿತು, ಕೊಡಲಿ ರಕ್ತಕ್ಕೆ ಜಾರಿ ಕಲ್ಲಿನ ಸಂದಿಗೆ ಬಿತ್ತು. ಕಿರುಬಗಳು ಹಲ್ಲು ಕಾಣುವಷ್ಟು ಹತ್ತಿರ ಬಂದಿದ್ದವಂತೆ.

ಆಗ ಹಿರೇವ್ವ ಹಿಂದೆ ತಿರುಗಿ, ಏ, ತಗೋ ನಿನ್ನ ಡೊಂಕು, ನೀನೂ ಒಂದು ಕೈ ನೋಡು ಅಂದಳಂತೆ. ಕಕ್ಕೆ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಹಿಡಿದಳು. ಆ ಒರಟು ಮೂಲೆ ಸೀದಾ ಅಂಗೈಗೆ ಬಂದು ಕೂತಿತು. ಮೈಭಾರ ಹಾಕಿ ಒತ್ತಿದಳು, ತೊಗಲು ಬಿಟ್ಟುಕೊಂಡಿತು. ಒಂದು ಬಾಯಿ ಮೊಂಡಾದಾಗ ತಿರುಗಿಸಿ ಇನ್ನೊಂದು ಬಾಯಲ್ಲಿ ಕೊಯ್ದಳು. ಉಳಿದವರು ತೊಡೆಗಳನ್ನು ಹೊತ್ತುಕೊಂಡು ಓಡಿದರು, ಕರುಳು ಕಿರುಬಗಳ ಪಾಲಾಯಿತು.

ಆ ದಿನ ಎಲ್ಲರೂ ಹೊಟ್ಟೆ ತುಂಬ ತಿಂದರಂತೆ. ಕಕ್ಕೆ ಮಾತ್ರ ತನ್ನ ಪಾಲನ್ನು ಪಕ್ಕಕ್ಕಿಟ್ಟಳು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲವಲ್ಲ.

ಬೆಳಿಗ್ಗೆ ಹಿರೇವ್ವ ಕೊಡಲಿಯನ್ನು ಮತ್ತೆ ಕೆಸರಿಗೆ ಒತ್ತಿದಳು, ಮಗುಚಿದಳು. ಮೂಲೆ ನಿನ್ನೆಯಷ್ಟೇ ಹೊರಗೆ. ಕೊಡಲಿ ಏನು ರಾತ್ರಿ ನೆಟ್ಟಗಾಗುತ್ತಾ? ಹಿರೇವ್ವ ಅದನ್ನು ನೋಡಿ, ಬಟ್ಟೆ ಅನ್ನೋದು ಇನ್ನೂ ಹುಟ್ಟಿರದ್ದಕ್ಕೆ ಎಲೆ ಕಟ್ಟಿಕೊಂಡಿದ್ದ ತನ್ನ ಅಂಗೈಯನ್ನೂ ನೋಡಿಕೊಂಡು, ಇವತ್ತು ಕೆಸರು ಸರಿ ಇಲ್ಲ ಅಂದಳಂತೆ.

ಹೌದು ಹಿರೇವ್ವ, ತೀರಾ ಒಣಗಿದೆ ಅಂದಳಂತೆ ಬಾರಿ. ಅವಳ ಕಾಲು ಅದೇ ಕೆಸರಿನಲ್ಲಿ ಹರಡಿನ ತನಕ ಹೂತಿತ್ತು.

ಕಕ್ಕೆ ಕೂಸನ್ನೆತ್ತಿಕೊಂಡು ಎಲ್ಲರ ನಡುವೆ ಬಯಲು ದಾಟಿದಳು. ಮರುವರ್ಷ ಎಲ್ಲರೂ ಬುಡದಲ್ಲಿ ಅಂಗೈಗೆ ಜಾಗ ಬಿಟ್ಟು ಕೆತ್ತಿದರಂತೆ. ಹಾಗಂತ ಪರೀಕ್ಷೆ ನಿಲ್ಲಲಿಲ್ಲ, ಅಂಥದ್ದೆಲ್ಲ ನಿಲ್ಲೋದಿಲ್ಲ. ಹಿರೇವ್ವ ಹೋದ ಮೇಲೆ ಒತ್ತಿ ನೋಡುವ ಕೆಲಸ ಕಕ್ಕೆಯ ಪಾಲಿಗೇ ಬಂತು. ಯಾರಾದರೂ ಹುಡುಗಿ ಡೊಂಕು ಕಲ್ಲು ತಂದು, ಮುಖ ಬಿಳಿಚಿಕೊಂಡು ನಿಂತರೆ, ಕಕ್ಕೆ ಒತ್ತಿ, ಮಗುಚಿ, ತಲೆ ಅಲ್ಲಾಡಿಸಿ, ಕೆಸರು ಸರಿ ಇಲ್ಲ ಅಂತಿದ್ದಳಂತೆ. ಅವಳ ಕಾಲದಲ್ಲಿ ದಂಡೆಯಲ್ಲಿ ಯಾರೂ ಉಳಿಯಲಿಲ್ಲ.

ಅಲ್ಲಿಗೆ ಅವರೂ ಹೊಳೆ ಸೇರಿದರು, ನಮ್ಮ ಕತೆಯೂ ಮುಗೀತು. ಕಿರುಬ ಇಲ್ಲಿಗೆ ಬರಲ್ಲ, ಕಣ್ಣು ಮುಚ್ಚು.