ಕಡಲಾಮೆ ಮಾಡಿದ ಪರೀಕ್ಷೆ

ನೇತ್ರಾಣಿ ದ್ವೀಪದ ಸುತ್ತ ಮುಳುಗಿ ಏಳುವುದೇ ದುರ್ಗಪ್ಪ ಮಾಸ್ತರರ ಕಸುಬು. ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ನೀರಿನಡಿಗೆ ಕರೆದೊಯ್ದು ಮೀನು ತೋರಿಸುತ್ತಿದ್ದರು. ಅವರ ಶಿಷ್ಯೆ ವಿಶಾಖಾ. ಕಲಿತದ್ದಾಯಿತು, ಇನ್ನು ಜನರನ್ನು ತಾನೇ ಇಳಿಸಬೇಕೆಂಬ ಆಸೆ ಅವಳಿಗೆ.

"ನಾಳೆ ಬರುವವರನ್ನು ನಾನೇ ಕರ್ಕೊಂಡು ಹೋಗ್ಲಾ ಮಾಸ್ತರ್ರೇ?"

"ಇವತ್ತು ನನ್ನನ್ನು ಕರ್ಕೊಂಡು ಹೋಗು. ಆಮೇಲೆ ನೋಡುವ."

ಇದು ಪರೀಕ್ಷೆಯೇ ಸರಿ ಎಂದುಕೊಂಡಳು ವಿಶಾಖಾ. ಮಾಸ್ತರರಿಗೆ ಒಂದು ಕಡಲಾಮೆ ತೋರಿಸಿಬಿಟ್ಟರೆ ಗೆದ್ದಂತೆ ಎಂದು ತಾನೇ ಲೆಕ್ಕ ಹಾಕಿಕೊಂಡಳು.

ಅದೃಷ್ಟ ಚೆನ್ನಾಗಿತ್ತು. ಇಳಿದ ಸ್ವಲ್ಪ ಹೊತ್ತಿಗೇ ಬಂಡೆಯ ಮಗ್ಗುಲಲ್ಲಿ ಪಾಚಿ ಮೇಯುತ್ತಿದ್ದ ಆಮೆ ಕಂಡಿತು. ಇವಳು ಕಾಲು ಬಡಿಯುತ್ತ ಅದರ ಬೆನ್ನು ಹತ್ತಿದಳು. ಅದು ಎತ್ತಲೋ ಮಾಯವಾಯಿತು. ಇವಳು ಬಿಟ್ಟಾಳೆಯೇ? ಬಂಡೆ ಬಂಡೆ ಹುಡುಕಿದಳು. ಕೊನೆಗೆ ನೋಡಿದರೆ ಅವಳ ಗಾಳಿ ಮುಗಿಯುತ್ತ ಬಂದಿತ್ತು. ಜೊತೆಗೆ ಇಳಿದವರು ಜೊತೆಗೇ ಏಳಬೇಕು, ಅದು ಮುಳುಗುವವರ ಕಟ್ಟಳೆ. ಮಾಸ್ತರರ ಸಿಲಿಂಡರಿನಲ್ಲಿ ಬೇಕಾದಷ್ಟು ಗಾಳಿ ಉಳಿದಿದ್ದರೂ ಇಬ್ಬರೂ ಮೇಲೆ ಬಂದರು.

ದೋಣಿಯಲ್ಲಿ ವಿಶಾಖಾ ಮುಖ ಊದಿಸಿಕೊಂಡು ಕುಳಿತಳು. "ಹೆದರಿ ಓಡಿಬಿಡ್ತು."

"ಓಡದೆ ಎಂತ ಮಾಡ್ತದೆ? ನೀನು ಊಟಕ್ಕೆ ಕೂತಾಗ ಯಾರೋ ಬುಸ್ ಬುಸ್ ಅಂತ ಮೈಮೇಲೆ ಬಂದ್ರೆ ಕೂತು ಉಣ್ತೀಯಾ?" ಮಾಸ್ತರರು ಅವಳ ಕೈಗೊಂದು ಬಾಳೆಹಣ್ಣು ಕೊಟ್ಟರು. "ತಿನ್ನು. ಮತ್ತೆ ಇಳಿಯುವ."

"ಈಗ ಏನು ತೋರಿಸ್ಲಿ?"

"ನನಗೆ ಎಂತದೂ ಬೇಡ. ನಿನಗೆ ಬೇಕಾದ್ದು ನೋಡು."

ಸೋತ ಮನಸ್ಸಿನಲ್ಲೇ ಹೊಸ ಸಿಲಿಂಡರ್ ಕಟ್ಟಿಕೊಂಡು ಇಳಿದಳು. ಬಂಡೆಯ ಬಿರುಕಿನಲ್ಲಿ ದೊಡ್ಡ ಮೀನೊಂದು ಆ ಎಂದು ಬಾಯಿ ತೆರೆದು ನಿಂತಿತ್ತು. ಕಿರುಬೆರಳಿನಷ್ಟಿದ್ದ ನೀಲಿ ಮೀನು ಆ ಬಾಯೊಳಗೇ ಹೊಕ್ಕು, ಹಲ್ಲಿನ ಸಂದಿಯ ಕೊಳೆ ಹೆಕ್ಕಿ ತಿನ್ನುತ್ತಿತ್ತು. ದೊಡ್ಡದು ನುಂಗಲಿಲ್ಲ, ಚಿಕ್ಕದು ಹೆದರಲಿಲ್ಲ. ವಿಶಾಖಾಳಿಗೆ ನಗು ಬಂದು ಮಾಸ್ಕಿನೊಳಕ್ಕೆ ಉಪ್ಪುನೀರು ನುಗ್ಗಿತು. ಆಮೆಯೂ ಪರೀಕ್ಷೆಯೂ ಮರೆತೇ ಹೋದವು. ಮಾಸ್ತರರು ಭುಜ ತಟ್ಟಿ ಏಳುವ ಸನ್ನೆ ಮಾಡುವವರೆಗೂ ಅಲ್ಲೇ ತೇಲುತ್ತಿದ್ದಳು.

ದೋಣಿ ಹತ್ತಿದ ಮೇಲೆ ನೆನಪಾಯಿತು. "ಅಯ್ಯೋ ಮಾಸ್ತರ್ರೇ, ಆಮೆ ಬರಲೇ ಇಲ್ಲ!"

"ಬಂದಿತ್ತಲ್ಲ. ನಿನ್ನ ತಲೆಯ ಮೇಲೇ ಇತ್ತು. ನಿನ್ನ ಗಾಳಿಗುಳ್ಳೆಗಳನ್ನು ಹೊಟ್ಟೆಗೆ ತಾಗಿಸಿಕೊಂಡು ಎಷ್ಟೋ ಹೊತ್ತು ನಿಂತಿತ್ತು."

"ತಲೆಯ ಮೇಲಾ! ಒಂದು ಸಲ ತಟ್ಟಿ ತೋರಿಸಬಾರದಿತ್ತಾ?"

"ಅದು ನಿನ್ನನ್ನು ನೋಡ್ಲಿಕ್ಕೆ ಬಂದಿತ್ತು ಮಾರಾಯ್ತಿ. ಅದರ ಖುಷಿ ನಾನೆಂತಕ್ಕೆ ಕೆಡಿಸ್ಲಿ?"

ವಿಶಾಖಾ ದೋಣಿಯಂಚಿಗೆ ಬಾಗಿ ನೀರಿನಲ್ಲಿ ಆಮೆಯನ್ನು ಹುಡುಕಿದಳು. ಮಾಸ್ತರರು ಮಾತ್ರ ನೋಡಿದರಲ್ಲ ಎಂಬ ಹೊಟ್ಟೆಕಿಚ್ಚೂ ಅದು ತನ್ನ ಬಳಿಗೇ ಬಂತಲ್ಲ ಎಂಬ ಸಂತೋಷವೂ ಒಟ್ಟಿಗೇ ಆಗುತ್ತಿದ್ದವು. ಕೊನೆಗೆ ಮೆಲ್ಲಗೆ ಕೇಳಿದಳು.

"ಹಾಗಾದ್ರೆ ನಾಳೆ?"

"ನೀನೇ ಕರ್ಕೊಂಡು ಹೋಗು. ಆಮೆಯೇ ಬಂದು ಪಾಸು ಮಾಡಿ ಹೋದ ಮೇಲೆ, ಫೇಲು ಮಾಡ್ಲಿಕ್ಕೆ ನಾನು ಯಾರು?"