ಕಬ್ಬಿಣಪ್ಪನ ಮನೆಯ ಎಲೆಅಡಿಕೆ

ಭೂಮಿ ಆಗಿನ್ನೂ ಹೊಸದು, ಮಗಾ. ಎಷ್ಟು ಹೊಸದು ಅಂದರೆ, ಸೂರ್ಯನಿಗೇ ದಾರಿ ಬಾಯಿಪಾಠವಾಗಿರಲಿಲ್ಲ. ಒಂದೊಂದು ದಿನ ದಕ್ಷಿಣದಲ್ಲಿ ಹುಟ್ಟಿ ನಾಲಗೆ ಕಚ್ಚಿಕೊಳ್ಳುತ್ತಿದ್ದ.

ಆಗ ಕಬ್ಬಿಣಪ್ಪ ಬೆಳ್ಳಿಗೂ ಹೊಟ್ಟೆಕಿಚ್ಚಾಗುವಷ್ಟು ಹೊಳೆಯುತ್ತಿದ್ದ. ಮೋಡಗಳು ಅವನ ಬೆನ್ನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದವು. ಅವನಿಗೆ ಆ ಹೊಳಪೇ ಪ್ರಾಣ. ಮೈ ಗಟ್ಟಿ, ಆದರೆ ದಾಕ್ಷಿಣ್ಯದ ಮುದ್ದೆ. ಯಾರೇ ಬಂದು ಹೊರಡಲಿ, "ಹೋಗಿ ಬನ್ನಿ" ಅನ್ನದೆ ಬಿಡುತ್ತಿರಲಿಲ್ಲ.

ಒಂದು ದಿನ ನೀರಮ್ಮ ಬಂದಳು. ಮಡಿಲಲ್ಲಿ ಬರೀ ವೀಳ್ಯದೆಲೆ. ಅಗಿದಳು, ಬಾಯಿ ಕೆಂಪಾಗಲಿಲ್ಲ, ಹೋದಳು. ಇನ್ನೊಂದು ದಿನ ಗಾಳಿಯಣ್ಣ ಬಂದ. ಅವನ ಹತ್ತಿರ ಬರೀ ಅಡಿಕೆ. ಅಗಿದ, ಬಾಯಿ ಕೆಂಪಾಗಲಿಲ್ಲ, ಹೋದ. ಇಬ್ಬರಿಗೂ ಕಬ್ಬಿಣಪ್ಪ "ಹೋಗಿ ಬನ್ನಿ" ಅಂದ.

ಬಂದರು ನೋಡು, ಈ ಸಲ ಇಬ್ಬರೂ ಒಟ್ಟಿಗೆ! ಪಕ್ಕದ ಮನೆಯ ಕಲ್ಲಜ್ಜಿಯನ್ನು ಕೂಗಿದರು: "ಅಜ್ಜೀ, ಒಂದು ಬೆರಳು ಸುಣ್ಣ ಕೊಡಿ!"

ಕೇಳಿದವರಿಗೆ ಸುಣ್ಣ ಇಲ್ಲ ಅನ್ನಬಾರದು. ಅಜ್ಜಿ ಗೊಣಗುತ್ತಲೇ ತನ್ನ ಮೈಯಿಂದ ಕೆರೆದು ಕೊಟ್ಟಳು. ಎಲೆ, ಅಡಿಕೆ, ಸುಣ್ಣ ಮೂರೂ ಸೇರಿದ್ದೇ ಬಾಯಿ ಕೆಂಪೋ ಕೆಂಪು, ನನ್ನ ಬಾಯಿಗಿಂತ ಕೆಂಪು. ಹರಟೆ ಏರಿತು. ಉಗುಳುವುದೆಲ್ಲಿ? ಅಲ್ಲೇ, ಕಬ್ಬಿಣಪ್ಪನ ಬೆನ್ನ ಮೇಲೆ, ಪಿಚಕ್! ನಗಬೇಡ, ನಾನು ಹಾಗೆಲ್ಲ ಕಂಡಲ್ಲಿ ಉಗುಳುವವಳಲ್ಲ.

ಅವರು ಹೋದ ಮೇಲೆ ಕಬ್ಬಿಣಪ್ಪ ಕಲೆ ಉಜ್ಜಿದ. ಕಲೆಯ ಜೊತೆ ಚರ್ಮವೂ ಹಕ್ಕಳೆಯಾಗಿ ಎದ್ದುಬಂತು.

"ಅಯ್ಯೋ ಅಜ್ಜೀ, ಹೀಗೇ ಆದ್ರೆ ನಾನು ಪುಡಿಪುಡಿಯಾಗಿ ಹೋಗ್ತೀನಲ್ಲಾ!"

"ನೀನು ಕರೀತೀಯ, ಅವ್ರು ಬರ್ತಾರೆ," ಎಂದು ರೇಗಿದಳು ಕಲ್ಲಜ್ಜಿ. "ಸುಣ್ಣ ಕೆರೆದು ಕೊಟ್ಟು ನನ್ನ ಮೈಯಲ್ಲೂ ಗುಂಡಿ ಬಿತ್ತು. ಮುಂದಿನ ಸಲ 'ಹೋಗಿ' ಅನ್ನು, ಬಾಯಿ ಮುಚ್ಕೋ. 'ಬನ್ನಿ' ಅಂದ್ಯೋ, ಕೆಟ್ಟೆ!"

ಕಬ್ಬಿಣಪ್ಪ ಎಂಟು ದಿನ ಅಭ್ಯಾಸ ಮಾಡಿದ. ಹೋಗಿ. ಹೋಗಿ. ಹೋಗಿ.

ಒಂಬತ್ತನೆಯ ದಿನ ಅವರು ಮತ್ತೆ ಬಂದರು, ಅಗಿದರು, ಉಗುಳಿದರು, ಎದ್ದರು.

"ಹೋಗಿ ಬರ್ತೀವಪ್ಪಾ," ಅಂದಳು ನೀರಮ್ಮ.

"ಹೋಗಿ," ಅಂದ ಕಬ್ಬಿಣಪ್ಪ. ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಕಲ್ಲಜ್ಜಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಗಾಳಿಯಣ್ಣ ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಹೋಗಿ... ಆಮೇಲೆ?"

ಪಾಪ, ಕಬ್ಬಿಣಪ್ಪನಿಗೆ ಕರುಳು ಚುರುಕ್ ಅಂದಿತು. ಬೇಡ ಬೇಡ ಅಂದರೂ ಗಂಟಲಿನಿಂದ ಬಂದೇಬಿಟ್ಟಿತು: "ಕಿರ್ರ್... ಬ್... ಬನ್ನಿ!"

ಕಲ್ಲಜ್ಜಿ ಹಣೆ ಚಚ್ಚಿಕೊಂಡಳು. ಅಲ್ಲೊಂದು ಹೊಸ ಗುಂಡಿ ಬಿತ್ತು.

ಅದಕ್ಕೇ ಮಗಾ, ಮಳೆ ಹೋದ ಮೇಲೆ ನಮ್ಮ ಗೇಟಿನ ಮೈಯೆಲ್ಲ ಕೆಂಪು ತುಕ್ಕು, ಪಕ್ಕದ ಕಲ್ಲುಕಂಬದ ತುಂಬ ಗುಂಡಿ. ನೆಂಟರು ಹೊರಟಾಗಲೆಲ್ಲ ಗೇಟು ಕಿರ್ರ್ ಅನ್ನುತ್ತದಲ್ಲ, ಅದು ಕಬ್ಬಿಣಪ್ಪ "ಬನ್ನಿ" ಅನ್ನುವ ಮಾತನ್ನು ನುಂಗಿಕೊಳ್ಳಲು ಇವತ್ತಿಗೂ ಒದ್ದಾಡುತ್ತಿರುವ ಸದ್ದು.