ಮುದ್ದಕ್ಕ ಕೊಟ್ಟ ಜೊತೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಕೆರೆ ಏರಿಯ ಕೆಳಗೆ ಒಂದು ಊರು. ಯಾವ ಊರು ಅಂತ ಕೇಳಬೇಡಿ, ಸುತ್ತಲ ಊರಿನವರೆಲ್ಲ ನಮ್ಮದೇ ಅಂತ ಜಗಳಕ್ಕೆ ಬರ್ತಾರೆ. ಆ ಊರಲ್ಲಿ ಮುದ್ದಕ್ಕ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ.

ಹೊಕ್ಕುಳಬಳ್ಳಿ ಕತ್ತರಿಸೋದು, ಕೂಸಿಗೆ ನೀರೆರೆಯೋದು ಎಲ್ಲ ಸೂಲಗಿತ್ತಿಯರೂ ಮಾಡೋ ಕೆಲಸ. ಮುದ್ದಕ್ಕನದು ಅದರ ಮೇಲೊಂದು. ಕೂಸು ಅತ್ತ ಕೂಡಲೇ ಬಾಗಿಲಿಂದ ತಲೆ ಹೊರಗೆ ಹಾಕಿ, ಆಗ ಏನು ನಡೀತಿದೆ ಅಂತ ನೋಡುವಳಂತೆ. ಏನು ನಡೀತಿದ್ದರೂ ಸರಿ, ಅದು ಆ ಕೂಸಿನ ಜೊತೆ. ಒಳಗೆ ಬಂದು, "ನೀನು ಬರುವಾಗ ನಿನ್ನ ಜೊತೆ ಇದೂ ಬಂತು ಕಣವ್ವ" ಅಂತ ಕಿವಿಯಲ್ಲಿ ಹೇಳುವಳಂತೆ. ದೊಡ್ಡದೇನೂ ಅಲ್ಲ. ಒಬ್ಬನ ಜೊತೆ, ಬೆಕ್ಕು ಅಟ್ಟದಿಂದ ಹಿಟ್ಟಿನ ಮಡಕೆಗೆ ಬಿದ್ದದ್ದು. ಇನ್ನೊಬ್ಬನದು, ಎದುರುಮನೆ ಮುದುಕ ಸೀನಿದ್ದು. ಎಷ್ಟೋ ವರ್ಷದ ಮೇಲೆ ಹುಟ್ಟಿದ ಮತ್ತೊಬ್ಬನಿಗೂ ಅದೇ ಮುದುಕ ಸೀನಿದನಂತೆ. ಅವರಿಬ್ಬರೂ ಸಾಯೋತನಕ ಅಣ್ಣತಮ್ಮಂದಿರ ಹಾಗೆ ಬಾಳಿದರು ಅಂತಾರೆ, ಬರೀ ಒಂದು ಸೀನಿನ ನೆಂಟಸ್ತನದಲ್ಲಿ.

ಇದರಿಂದ ಏನು ಬಂತಮ್ಮ ಅಂತ ಯಾರಾದರೂ ಹಂಗಿಸಿದರೆ, ಬರೋದೇನೂ ಇಲ್ಲ, ಖುಷಿಯಾಗುತ್ತೆ ಅಷ್ಟೇ, ಲೋಕಕ್ಕೆ ನಾನೊಬ್ಬನೇ ಬರಲಿಲ್ಲ ಅಂತ ಗೊತ್ತಾಗುತ್ತೆ ಅನ್ನುವಳಂತೆ. ಅವಳಿಗೆ ಮಾತ್ರ ಜೊತೆ ಇರಲಿಲ್ಲ. ಅವಳು ಹುಟ್ಟುವಾಗಲೇ ತಾಯಿ ತೀರಿಕೊಂಡಿದ್ದಳು. ಅಳೋ ಮನೆಯಲ್ಲಿ ಹೊರಗೆ ಇಣುಕಿ ನೋಡೋರು ಯಾರು?

ಒಂದು ಮಳೆಗಾಲ. ಕೆರೆ ತುಂಬಿ, ಏರಿ ಒದ್ದೆಯಾಗಿ ನಿಂತಿತ್ತಂತೆ. ಊರಿನ ಯಜಮಾನ ಓಬಣ್ಣನ ಸೊಸೆ ಕೆಂಚಮ್ಮನಿಗೆ ಬೆಳಬೆಳಗ್ಗೆ ನೋವು ಕಾಣಿಸಿಕೊಂಡಿತು. ಮೇಲುಗೇರಿಯ ಮನೆ. ಹೊತ್ತು ಏರುತ್ತಾ ಬಂದರೂ ಕೂಸು ಬರಲಿಲ್ಲ. ಕೆಂಚಮ್ಮ ಬಸವಳಿದು ಹೋದಳು. ಆಗ ಮುದ್ದಕ್ಕ ಹಿಂದಿನವರ ಪದ್ಧತಿ ಹಿಡಿದಳು. ಹೆರಿಗೆ ಕಷ್ಟವಾದರೆ ಊರಲ್ಲಿ ಎಲ್ಲೂ ಗಂಟು ಇರಬಾರದು ಅಂತ ಒಂದು ನಂಬಿಕೆ. ಪೆಟ್ಟಿಗೆ ತೆಗೀರಿ, ಜಡೆ ಬಿಚ್ಚಿರಿ, ಕೊಟ್ಟಿಗೆಯಲ್ಲಿ ಒಂದು ದನವೂ ಕಟ್ಟಿರಬಾರದು, ಕೆಳಗೇರಿಗೂ ಹೋಗಿ ಹೇಳಿ ಅಂತ ಕೂಗಿ ಹೇಳಿ, ಬಾಗಿಲು ಹಾಕಿಕೊಂಡಳಂತೆ.

ಕೂಸು ಅತ್ತಿತು. ಹೆಣ್ಣು. ಅದೇ ಹೊತ್ತಿಗೆ ಕೆರೆ ಒಡೆಯಿತು.

ಮುದ್ದಕ್ಕನಿಗೆ ಆಗ ಹೊರಗೆ ಇಣುಕೋಕೆ ಆಗಲಿಲ್ಲ. ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ, ಅವಳ ಎರಡೂ ಕೈ ಅಲ್ಲೇ ಇದ್ದವು. ಎಲ್ಲ ಹದಕ್ಕೆ ಬಂದು ಅವಳು ಹೊರಗೆ ಬಂದಾಗ ಊರೇ ಬಾಯಿ ಬಡಕೊಳ್ಳುತ್ತಿತ್ತು. ತೆನೆಗೆ ಬಂದ ಭತ್ತದ ಮೇಲೆ ಕೆಸರು ಮಲಗಿತ್ತು. ಕೆಳಗೇರಿಯ ಕೊಟ್ಟಿಗೆಗಳು ಕುಸಿದಿದ್ದವು.

ಮುದ್ದಕ್ಕ ನೋಡದ ಜೊತೆಯನ್ನ ಊರಿನವರೇ ನೋಡಿ ಕೊಟ್ಟರು. ಕೂಸು ಬಾಯಿ ತೆರೆಯಿತು, ಕೆರೆ ಒಡೆಯಿತು ಅಂದರು. ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಅದು ಕೆರೆ ಕುಡಿದ ಕೂಸು ಆಯಿತು. ಓಬಣ್ಣ ಕೆಟ್ಟವನಲ್ಲ, ಆದರೆ ಕೆರೆ ಅವನ ಅಪ್ಪ ಕಟ್ಟಿಸಿದ್ದು. ಅವನು ಮೊಮ್ಮಗಳ ಮುಖ ನೋಡಲಿಲ್ಲ. ಪುರುಡು ಕಳೆದ ಮೇಲೆ ತಾಯಿ ಮಗು ಇಬ್ಬರೂ ತೌರಿಗೆ ಹೊರಡಲಿ, ತಿರುಗಿ ಬರೋದು ಬೇಡ ಅಂದನಂತೆ. ಕೆಂಚಮ್ಮನ ಗಂಡ ತಲೆ ತಗ್ಗಿಸಿ ನಿಂತ. ತೌರಲ್ಲಿ ಯಾರಿದ್ದರು? ಬಾಗಿಲಿಗೆ ಮುಳ್ಳು ಬಡಿದು ಎಷ್ಟೋ ಕಾಲವಾಗಿತ್ತು. ತೌರಿಗೆ ಕಳಿಸೋದು ಅಂದರೆ ಬೀದಿಗೆ ಬಿಡೋದು ಅಂತಲೇ ಲೆಕ್ಕ.

ಹೆಂಗಸರು ಮುದ್ದಕ್ಕನ ಹತ್ತಿರ ಬಂದು, ಏನಾದರೂ ಒಂದು ಹೇಳಿಬಿಡು, ನವಿಲು ಕುಣೀತು ಅನ್ನು, ಯಾರು ಕಂಡಿದ್ದಾರೆ ಅಂದರಂತೆ. ಮುದ್ದಕ್ಕನಿಗೆ ಸಿಟ್ಟು ಬಂತು.

"ಸುಳ್ಳು ಜೊತೆ ಕಟ್ಟಿದರೆ ಕೂಸು ಒಂಟಿಯಾಗೇ ಉಳಿಯುತ್ತೆ. ಆ ಹೊತ್ತಿಗೆ ಊರಲ್ಲಿ ಕೆರೆ ಒಂದೇ ಇತ್ತೇನ್ರೇ? ಇನ್ನೇನೂ ನಡೀಲಿಲ್ವಾ?"

ಹಾಗಂದವಳೇ ಮನೆಮನೆಗೆ ಹೊರಟಳಂತೆ. ಕೂಸು ಅತ್ತಾಗ ನಿಮ್ಮನೇಲಿ ಏನಾಗ್ತಿತ್ತು? ಕೆರೆ ಒಡೀತು. ನಿಮ್ಮನೇಲಿ? ಕೆರೆ ಒಡೀತು. ಎಲ್ಲರ ಬಾಯಲ್ಲೂ ಅದೇ. ಆದರೂ ಅವಳ ಕಾಲು ನಡೀತಾನೇ ಇತ್ತು.

ಕೆಳಗೇರಿಯಲ್ಲಿ ದ್ಯಾಮಣ್ಣ ಅಂತ ಒಬ್ಬ, ಬಿದ್ದ ಕೊಟ್ಟಿಗೆ ಗೋಡೆಗೆ ಮಣ್ಣು ಮೆತ್ತುತ್ತಿದ್ದ. ಇವಳನ್ನ ಕಂಡು ರೇಗಿದನಂತೆ.

"ನೀನೊಬ್ಬಳು ಬಾಕಿ ಇದ್ದೆ ನೋಡು. ನಿನ್ನ ಮಾತು ಕೇಳಿ ಎಮ್ಮೆ ಬಿಚ್ಚಿದೆ. ಅದು ನೆಟ್ಟಗೆ ದಿಣ್ಣೆ ಹತ್ತಿ ಯಾರದೋ ಹುರುಳಿ ಹೊಲಕ್ಕೆ ನುಗ್ಗಿತು. ಕೋಲು ಹಿಡಕೊಂಡು ಅದರ ಹಿಂದೆ ನಾನು, ಮಗು ಎತ್ತಿಕೊಂಡು ನಿನ್ನ ಬೈತಾ ನನ್ನ ಹಿಂದೆ ನನ್ನ ಹೆಂಡತಿ. ತಿರುಗಿ ನೋಡ್ತೀವಿ, ಕೆಳಗೆ ಬರೀ ನೀರು."

ಮುದ್ದಕ್ಕ ನಿಂತಲ್ಲೇ ನಿಂತಳು. ಪಕ್ಕದ ಮನೆಯವರು ಎಲ್ಲಿದ್ದರು ಅಂತ ಕೇಳಿದಳು. ಅವರೂ ದಿಣ್ಣೆ ಮೇಲೇ, ಅವರ ಹೋರಿ ಹಿಂದೆ ಅಂದ. ಅದರಾಚೆ ಮನೆಯವರು? ಅವರೂ ಅಲ್ಲೇ. ಕೆಳಗೇರಿಯ ಜನವೆಲ್ಲ ಬಿಚ್ಚಿದ ದನ ಅಟ್ಟಿಕೊಂಡು, ಮುದ್ದಕ್ಕನಿಗೆ ಹಿಡಿಶಾಪ ಹಾಕುತ್ತಾ ದಿಣ್ಣೆ ಮೇಲಿದ್ದರು. ನೀರು ನುಗ್ಗಿದ ಕೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಕರು ಸಹ ಸತ್ತಿರಲಿಲ್ಲ. ಬೆಳೆ ಹೋದ ಸಂಕಟದಲ್ಲಿ ಯಾರಿಗೂ ಅದು ತೋಚಿರಲಿಲ್ಲ, ಅಷ್ಟೇ. ಮುದ್ದಕ್ಕ ಆ ಕೆಸರಲ್ಲೇ ಕೂತು ಅಳುತ್ತಾ ನಕ್ಕಳು ಅಂತಾರೆ.

ಎಲ್ಲರನ್ನೂ ಓಬಣ್ಣನ ಅಂಗಳಕ್ಕೆ ಕರಕೊಂಡು ಹೋದಳಂತೆ. ಅಲ್ಲಿ ಕೆಂಚಮ್ಮನ ಗಂಟುಮೂಟೆ ಕಟ್ಟಿ ಇಟ್ಟಿದ್ದರು. ಒಬ್ಬೊಬ್ಬರೂ ಆವತ್ತು ತಮ್ಮ ದನ ಎಲ್ಲಿತ್ತು, ತಾವು ಎಲ್ಲಿದ್ದೆವು ಅಂತ ಹೇಳಿದರು. ಕೊನೆಗೆ ಮುದ್ದಕ್ಕ ಅಂದಳಂತೆ, "ಯಜಮಾನ್ರೇ, ಕೆರೆ ಒಡೆದದ್ದೂ ನಿಜ, ದನ ಬಿಚ್ಚಿದ್ದೂ ನಿಜ. ಯಾವುದೂ ಕೂಸು ಮಾಡಿದ್ದಲ್ಲ. ಎರಡೂ ಜೊತೆಗೆ ಬಂದವು. ಯಾವುದನ್ನ ಎತ್ತಿಕೊಂಡು ಆಡಿಸಬೇಕು ಅನ್ನೋದು ನಮ್ಮ ಕೈಲಿದೆ."

ಓಬಣ್ಣ ಕೂಸನ್ನ ತರಿಸಿ ತೊಡೆ ಮೇಲೆ ಹಾಕಿಕೊಂಡ. ಅದು ಅವನ ಬೆರಳು ಹಿಡಿದುಕೊಂಡಿತು, ಬಿಡಲೇ ಇಲ್ಲವಂತೆ. ಈ ಗಂಟು ಮಾತ್ರ ಬಿಚ್ಚಬೇಡಿ ಅಂತ ದ್ಯಾಮಣ್ಣ ಅಂದಾಗ ಎಲ್ಲರೂ ನಕ್ಕರಂತೆ. ಕೆಂಚಮ್ಮನ ಗಂಡ ಹೋಗಿ ಆ ಗಂಟುಮೂಟೆ ಬಿಚ್ಚಿ, ಸೀರೆಗಳನ್ನ ಹಗ್ಗದ ಮೇಲೆ ಹರವಿದ.

ಆ ಕೂಸಿಗೆ ಈರಕ್ಕ ಅಂತ ಹೆಸರಿಟ್ಟರು. ಬೆಳೆದು ಮುದ್ದಕ್ಕನ ಹಿಂದೆ ತಿರುಗಿ ಅವಳೇ ಸೂಲಗಿತ್ತಿಯಾದಳು. ಮುದ್ದಕ್ಕ ಹಣ್ಣುಹಣ್ಣು ಮುದುಕಿಯಾಗಿ ಕಣ್ಣು ಮುಚ್ಚಿದ ದಿನ ಈರಕ್ಕ ಅವಳ ಮೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಮನೆಗೆ ಹೊರಟಳಂತೆ. ಅಕ್ಕನ ಉಸಿರು ನಿಂತಾಗ ನಿಮ್ಮನೇಲಿ ಏನಾಗ್ತಿತ್ತು? ಒಂದು ಮನೆಯಲ್ಲಿ ಹಾಲು ಉಕ್ಕಿತ್ತು. ಒಂದು ಮನೆಯಲ್ಲಿ ಕಾವಿಗೆ ಕೂತ ಕೋಳಿಯ ಮೊದಲ ಮೊಟ್ಟೆ ಬಿರಿದಿತ್ತು. ಮಾತು ಬಿಟ್ಟಿದ್ದ ವಾರಗಿತ್ತಿಯರಿಬ್ಬರು ಒಟ್ಟಿಗೇ ಉಪ್ಪು ಕೊಡೇ ಅಂದು ನಕ್ಕಿದ್ದರು. ಹುಟ್ಟುವಾಗ ಸಿಗದ ಜೊತೆ ಅವಳಿಗೆ ಹೋಗುವಾಗ ಸಿಗಲಿ ಅಂತ ಈರಕ್ಕ ಅದನ್ನೆಲ್ಲ ಮಣ್ಣು ಹಾಕೋ ಮುಂಚೆ ಅವಳ ಕಿವಿಯಲ್ಲಿ ಹೇಳಿದಳಂತೆ.

ಈಗಲೂ ಆ ಕಡೆ ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಊರವರು ದನ ಬಿಚ್ಚುತ್ತಾರೆ. ಹೆರಿಗೆ ಪೇಟೆ ಆಸ್ಪತ್ರೆಯಲ್ಲಾದರೂ ಫೋನು ಬಂದ ಕೂಡಲೇ ಬಿಚ್ಚುತ್ತಾರೆ, ದನವಿಲ್ಲದವರು ಬಾವಿಯ ಹಗ್ಗ ಬಿಚ್ಚುತ್ತಾರೆ. ಕೂಸು ಅತ್ತಿತು ಅಂತ ತಿಳಿದ ಕೂಡಲೇ ಮನೆಯ ಹಿರಿಯಳು ಬಾಗಿಲಿಗೆ ಬಂದು ಹೊರಗೆ ನೋಡುತ್ತಾಳೆ. ಅಲ್ಲಿಗೆ ಹೋದರೆ ಈರಕ್ಕ ಹುಟ್ಟಿದ್ದು ಯಾವಾಗ ಅಂತ ಕೇಳಿ ನೋಡಿ. ಕೆರೆ ಒಡೆದಾಗ ಅಂತ ಒಬ್ಬರೂ ಹೇಳಲ್ಲ. ದನ ಎಲ್ಲ ದಿಣ್ಣೆ ಹತ್ತಿದವಲ್ಲ, ಆವತ್ತು ಅಂತಾರೆ.